ಗಾಡಿಯ ಎಣ್ಣೆ ಖರ್ಚು: ಮೊದಲು ಹವಾ ನೋಡ್ರಿ, ಆಮೇಲೆ ಉಳಿದದ್ದು

ಖುಷ್ಕಿ ಬೇಸಾಯದಾಗ ಹೊಲಕ್ಕೆ ಹಾಕಿದ ರೊಕ್ಕ ತಿರುಗಿ ಬರಬೇಕಾದರೆ ಮಳೆ ಬರಬೇಕು. ಗಾಡಿಯ ಎಣ್ಣೆಗೆ ಹಾಕಿದ ರೊಕ್ಕ ಹಂಗಲ್ಲ. ಮಳೆ ಬಂದರೂ ಹೋಗ್ತದ, ಬಾರದಿದ್ದರೂ ಹೋಗ್ತದ. ಬಸವಕಲ್ಯಾಣ, ಹುಮನಾಬಾದ ಕಡೆಯ ಹಳ್ಳಿಗಳಲ್ಲಿ ಈಗ ಹಳೆ ಜೀಪು, ಸೆಕೆಂಡ್ ಹ್ಯಾಂಡ್ ಕಾರು, ಸಣ್ಣ ಮಾಲುಗಾಡಿಗಳು ಸಾಮಾನ್ಯ. ಹೆಸರು, ಉದ್ದು, ತೊಗರಿ ಚೀಲ ಪೇಟೆಗೆ ಒಯ್ಯಲು, ಬೀಜ ಗೊಬ್ಬರ ತರಲು, ದವಾಖಾನೆಗೆ, ಲಗ್ನಕ್ಕೆ ಎಲ್ಲಕ್ಕೂ ಅದೇ ಗಾಡಿ. ಹೀಗಾಗಿ ಗಾಡಿಯ ಖರ್ಚು ನಮಗೆ ಬೇಸಾಯದ ಖರ್ಚೇ.

ಇದನ್ನು ತಿಳಿದವರು ಮೈಲೇಜ್ ಹೆಚ್ಚಿಸುವ ಸಾಮಾನು ಮಾರಲು ಬರ್ತಾರ. ಎಣ್ಣೆ ಪೈಪಿಗೆ ಕಟ್ಟುವ ಅಯಸ್ಕಾಂತ, ಟಾಕಿಯಲ್ಲಿ ಹಾಕುವ ಗುಳಿಗೆ, ಗಾಳಿ ತಿರುಗಿಸುವ ಚಕ್ರ ಹೀಗೆ ನಾನಾ ನಮೂನೆ. ಅವನ್ನು ಕೊಳ್ಳುವ ಮೊದಲು ಗಾಡಿಯನ್ನು ಕಂಪನಿ ಕೊಟ್ಟ ಸ್ಥಿತಿಗೆ ತರಬೇಕು. ಅದಕ್ಕೆ ಬಹಳ ರೊಕ್ಕ ಬೇಕಿಲ್ಲ ಎಂಬುದು ನನ್ನ ವಿಚಾರ.

ತೂಗದೆ ಇಳುವರಿ ಹೇಳಬಾರದು

ರಾಶಿ ತೂಗದೆ ಎಕರೆಗೆ ಇಷ್ಟು ಚೀಲ ಎಂದರೆ ಯಾರೂ ನಂಬೋದಿಲ್ಲ. ಮೈಲೇಜ್ ಮಾತ್ರ ಎಲ್ಲರೂ ಬಾಯಿಲೆಕ್ಕದಾಗ ಹೇಳ್ತಾರ. ಒಂದು ನೋಟುಬುಕ್ ಗಾಡಿಯಲ್ಲೇ ಇಡ್ರಿ. ಟಾಕಿ ತುಂಬಿಸಿ ಮೀಟರಿನ ಅಂಕಿ ಬರೆದುಕೊಳ್ಳಿ. ಮುಂದಿನ ಸಲ ಅದೇ ಬಂಕಿನಲ್ಲಿ, ಪೈಪು ತಾನೇ ಬಂದಾಗುವ ತನಕ ತುಂಬಿಸಿ. ನಡುವೆ ಓಡಿದ ಕಿಲೋಮೀಟರನ್ನು ಈಗ ಹಿಡಿದ ಲೀಟರಿನಿಂದ ಭಾಗಿಸಿ. 310 ಕಿ.ಮೀ. ಓಡಿ 20 ಲೀಟರ್ ಹಿಡಿದರೆ ಮೈಲೇಜ್ 15.5. ಒಂದೇ ಸಲದ ಲೆಕ್ಕ ಸಾಲದು, ಮೂರು ನಾಲ್ಕು ಸಲ ಬರೆಯಿರಿ. ಭಾರ ಎಷ್ಟಿತ್ತು, ಯಾವ ದಾರಿ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಈ ಬುಕ್ಕಿಲ್ಲದೆ ಯಾವ ಸುಧಾರಣೆಯೂ ತಿಳಿಯೋದಿಲ್ಲ.

ಎತ್ತು ಹೇಳ್ತದ, ಇಂಜಿನ್ ಹೇಳೋದಿಲ್ಲ

ಟೈರಿನ ಎತ್ತಿನ ಗಾಡಿ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಾಲಿಯಲ್ಲಿ ಹವಾ ಇಳಿದರೆ ಎತ್ತಿನ ನಡಿಗೆಯೇ ಬದಲಾಗ್ತದ, ಕುತ್ತಿಗೆ ಜಗ್ಗಿ ನಡೀತದ. ಇಂಜಿನ್ ಹಂಗೆ ತೋರಿಸೋದಿಲ್ಲ, ಸುಮ್ಮನೆ ಎಣ್ಣೆ ಕುಡೀತದ. ಹವಾ ಕಮ್ಮಿಯಾದ ಟೈರು ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಬಿಚ್ಚುತ್ತದೆ. ಆ ಶಕ್ತಿಯೆಲ್ಲ ಶಾಖವಾಗಿ ಹೋಗುತ್ತದೆ.

ಎಷ್ಟು ನಷ್ಟ? ಹವಾ ಕಾಲು ಭಾಗ ಇಳಿದರೆ ಪೆಟ್ರೋಲು 100ಕ್ಕೆ 5ರಿಂದ 10 ಹೆಚ್ಚು ಸುಡುತ್ತದೆ, ಟೈರಿನ ಆಯುಷ್ಯ ಕಾಲು ಭಾಗ ಕಡಿಮೆಯಾಗುತ್ತದೆ ಎಂದು ಕೇಂದ್ರ ಸರ್ಕಾರದ ಪಿಸಿಆರ್‌ಎ ಸಂಸ್ಥೆಯ ಸಲಹೆ ಹೇಳುತ್ತದೆ. ಅಮೆರಿಕ ಸರ್ಕಾರದ ಲೆಕ್ಕ ಇಷ್ಟಿಲ್ಲ: ನಾಲ್ಕೂ ಟೈರಿನಲ್ಲಿ ಒಂದೊಂದು ಪೌಂಡು ಇಳಿದರೆ ಮೈಲೇಜ್ 100ಕ್ಕೆ 0.2 ಇಳಿಯುತ್ತದೆ. ಅಂದರೆ 32 ಪೌಂಡು ಇರಬೇಕಾದಲ್ಲಿ 24 ಇದ್ದರೆ ನಷ್ಟ 100ಕ್ಕೆ ಒಂದೂವರೆ ಚಿಲ್ಲರೆ. ಎರಡರಲ್ಲಿ ನಿಮ್ಮ ಗಾಡಿಗೆ ಯಾವುದು ಹತ್ತಿರ ಎಂಬುದನ್ನು ನಿಮ್ಮ ಬುಕ್ಕೇ ಹೇಳಬೇಕು. ಟೈರಿನ ಸವೆತ ಮತ್ತು ಅಪಾಯದಲ್ಲಿ ಮಾತ್ರ ಎರಡು ಮಾತಿಲ್ಲ. ಹವಾ ಇಳಿದ ಟೈರಿನ ಮೇಲೆ ಭಾರ ಹೇರಿ ಮೇ ತಿಂಗಳ ಬಿಸಿಲಾಗ ಹೆದ್ದಾರಿ ಹಿಡಿದರೆ ಟೈರು ಕಾದು ಸಿಡಿಯುತ್ತದೆ. ಅಲ್ಲಿ ಹೋಗುವುದು ಎಣ್ಣೆ ಅಲ್ಲ, ಜೀವ.

ಎಷ್ಟು ಪೌಂಡು ಹಾಕಬೇಕೆಂಬುದು ಡ್ರೈವರ್ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಅಥವಾ ಗಾಡಿಯ ಕೈಪಿಡಿಯಲ್ಲಿ ಇರುತ್ತದೆ. ಟೈರಿನ ಗೋಡೆಯ ಮೇಲೆ ಇರುವುದು ಆ ಟೈರು ತಡೆಯುವ ಹೆಚ್ಚಿನ ಮಿತಿ, ಹಾಕಬೇಕಾದ ಹವಾ ಅಲ್ಲ. ಭಾರ ಹೇರುವಾಗ ಹಿಂದಿನ ಗಾಲಿಗೆ ಬೇರೆ ಅಂಕಿ ಕೊಟ್ಟಿರುತ್ತಾರೆ, ಅದನ್ನೂ ನೋಡ್ರಿ. ಬೆಳಿಗ್ಗೆ ಟೈರು ತಣ್ಣಗಿದ್ದಾಗಲೇ ಅಳೆಯಬೇಕು. ಓಡಿ ಕಾದ ಟೈರಿನಲ್ಲಿ ಅಂಕಿ ಏರಿರುತ್ತದೆ, ಹೆಚ್ಚಾಯ್ತೆಂದು ಆಗ ಹವಾ ಬಿಡಬ್ಯಾಡ್ರಿ. ಮೈಲೇಜ್ ಬರಲಿ ಎಂದು ಮಿತಿ ಮೀರಿ ತುಂಬಿದರೆ ಟೈರಿನ ನಡುಭಾಗ ಸವೆಯುತ್ತದೆ, ಬ್ರೇಕಿನ ಹಿಡಿತ ಕಮ್ಮಿಯಾಗುತ್ತದೆ. ನೈಟ್ರೋಜನ್ ತುಂಬಿಸಿದರೆ ಮೈಲೇಜ್ ಏರುತ್ತದೆ ಎಂಬುದಕ್ಕೂ ಮರುಳಾಗಬೇಕಿಲ್ಲ. ಸಾದಾ ಗಾಳಿಯಲ್ಲೇ 100ಕ್ಕೆ 78 ಪಾಲು ನೈಟ್ರೋಜನ್ ಇದೆ.

ಭಾರ, ಗಾಳಿ, ವೇಗ

ಬಸವಕಲ್ಯಾಣದಿಂದ ಸಸ್ತಾಪುರ ಬಂಗ್ಲಾಕ್ಕೆ ಬಂದು ರಾಜೇಶ್ವರದ ಮೇಲೆ ಹುಮನಾಬಾದಿಗೆ ಹೋಗಲು ಸುಮಾರು 30 ಕಿ.ಮೀ. ಮೊದಲು 9 ಎಂದಿದ್ದು 2010ರಲ್ಲಿ 65 ಎಂದು ನಂಬರು ಬದಲಾದ ಹೆದ್ದಾರಿ ಈಗ ನಾಲ್ಕು ಸಾಲಿನದು. ದಾರಿ ಛಲೋ ಇದ್ದಷ್ಟು ಕಾಲು ಭಾರವಾಗುತ್ತದೆ. ವೇಗ ಎರಡು ಪಟ್ಟಾದರೆ ಎದುರು ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 80ರ ಬದಲು 45ರಿಂದ 55ರಲ್ಲಿ ಹೋದರೆ 100ಕ್ಕೆ 40ರ ತನಕ ಹೆಚ್ಚು ಮೈಲೇಜ್ ಸಿಗಬಹುದು ಎಂದು ಪಿಸಿಆರ್‌ಎ ಹೇಳಿದೆ. ಈ 30 ಕಿ.ಮೀ.ಗೆ 80ರಲ್ಲಿ 23 ನಿಮಿಷ, 55ರಲ್ಲಿ 33 ನಿಮಿಷ. ಹತ್ತು ನಿಮಿಷಕ್ಕೆ ಎಷ್ಟು ಎಣ್ಣೆ ಕೊಡ್ತೀರಿ ಎಂಬುದು ನಿಮ್ಮ ಲೆಕ್ಕ. ನಿಧಾನ ಹೋಗುವವರು ಎಡಗಡೆ ಹೋಗ್ರಿ.

ಕಾರಿನ ಮೇಲಿನ ಕ್ಯಾರಿಯರ್ ಬೇಕಾದಾಗ ಹಾಕಿ, ಕೆಲಸ ಮುಗಿದ ಮೇಲೆ ಬಿಚ್ಚಿಡಿ. ಖಾಲಿ ಇದ್ದರೂ ಅದು ಗಾಳಿ ಹಿಡೀತದ. ಡಿಕ್ಕಿಯಲ್ಲಿ ಮರೆತ ಸರಪಳಿ, ಹಳೆ ಬ್ಯಾಟರಿ, ಗೊಬ್ಬರದ ಚೀಲ ಇಳಿಸಿ. 45 ಕಿಲೋ ಹೆಚ್ಚಿನ ಭಾರಕ್ಕೆ ಸಣ್ಣ ಕಾರಿನ ಮೈಲೇಜ್ 100ಕ್ಕೆ ಸುಮಾರು ಒಂದು ಇಳಿಯುತ್ತದೆ.

ಬ್ರೇಕು ಕಚ್ಚಿದೆಯೋ ನೋಡಲು ಸುಲಭ ಉಪಾಯವಿದೆ. ಬ್ರೇಕು ಹೆಚ್ಚು ತುಳಿಯದೆ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ನಾಲ್ಕೂ ಗಾಲಿಯ ಹತ್ತಿರ ಹುಷಾರಿಯಿಂದ ಅಂಗೈ ಹಿಡಿಯಿರಿ. ಒಂದೇ ಗಾಲಿ ಬಿಸಿ ಇದ್ದರೆ ಅಲ್ಲಿ ಬ್ರೇಕು ಕಚ್ಚಿರಬಹುದು, ಮೇಸ್ತ್ರಿಗೆ ತೋರಿಸ್ರಿ. ಇಳಿಜಾರಿನಲ್ಲಿ ಚಾವಿ ಬಂದ್ ಮಾಡಿ ಬಿಡುವವರೂ ಇದ್ದಾರ. ಇದು ಬ್ಯಾಡವೇ ಬ್ಯಾಡ. ಬ್ರೇಕಿಗೆ ಇಂಜಿನ್ ಕೊಡುವ ಸಹಾಯ ನಿಲ್ಲುತ್ತದೆ, ಸ್ಟೇರಿಂಗ್ ಲಾಕ್ ಆಗಬಹುದು. ಹೊಸ ಇಂಜೆಕ್ಷನ್ ಗಾಡಿಗಳು ಗೇರಿನಲ್ಲಿದ್ದು ಎಕ್ಸಲೇಟರ್ ಬಿಟ್ಟರೆ ತಾವೇ ಎಣ್ಣೆ ನಿಲ್ಲಿಸುತ್ತವೆ.

ಕಟ್ಟಿಸುವ ಸಾಮಾನಿನ ಮಾತು

ಎಣ್ಣೆ ಉಳಿಸುತ್ತವೆ ಎನ್ನುವ 100ಕ್ಕೂ ಹೆಚ್ಚು ಸಾಮಾನುಗಳನ್ನು ಅಮೆರಿಕ ಸರ್ಕಾರದ ಪರಿಸರ ಸಂಸ್ಥೆ ಪರೀಕ್ಷಿಸಿ ನೋಡಿದೆ. ಹೇಳಿಕೊಳ್ಳುವಷ್ಟು ಉಳಿಸಿದ್ದು ಒಂದೂ ಸಿಗಲಿಲ್ಲ. ದಪ್ಪ ಟೈರು ಹಾಕಿಸುವವರು ಇನ್ನೊಂದು ತಿಳಿದಿರಬೇಕು. ಟೈರಿನ ಎತ್ತರ ಬದಲಾದರೆ ಕಿಲೋಮೀಟರ್ ಅಂಕಿಯೇ ತಪ್ಪಾಗುತ್ತದೆ, ಬುಕ್ಕಿನ ಲೆಕ್ಕವೂ ಕೆಡುತ್ತದೆ. ಮುಂದೆ ಕಟ್ಟಿಸುವ ಕಬ್ಬಿಣದ ಗಾರ್ಡು ಭಾರವೂ ಹೌದು, ಅಪಾಯವೂ ಹೌದು. ಅದರ ವಿರುದ್ಧ ಕ್ರಮ ಕೈಗೊಳ್ಳಲು 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದಿತ್ತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ಕಂಪನಿ ಕೊಟ್ಟ ಮೂಲ ವಿವರಕ್ಕೆ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರಲ್ಲಿ ಇದನ್ನು ಎತ್ತಿಹಿಡಿಯಿತು.

ಇತ್ತೀಚೆಗೆ ಪೆಟ್ರೋಲ್ ಗಾಡಿಯ ಮೈಲೇಜ್ ಇಳಿದಿದ್ದರೆ ಎಲ್ಲ ತಪ್ಪು ಗಾಡಿಯದ್ದಲ್ಲ. 2025ಕ್ಕೆ ನಮ್ಮ ದೇಶದ ಪೆಟ್ರೋಲಿನಲ್ಲಿ 100ಕ್ಕೆ 20 ಪಾಲು ಎಥನಾಲ್ ಬಂತು. ಕಬ್ಬು, ಗೋವಿನಜೋಳದಿಂದ ಮಾಡುವ ಎಥನಾಲಿನಲ್ಲಿ ಲೀಟರಿಗೆ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ ಶಕ್ತಿ. ಹಳೆ ಮಾದರಿಯ ಕಾರುಗಳಲ್ಲಿ ಮೈಲೇಜ್ 100ಕ್ಕೆ 6ರಿಂದ 7 ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಇದನ್ನು ತಿಳಿಯದೆ ಇಂಜಿನ್ ಬಿಚ್ಚಿಸಿ ಖರ್ಚು ಮಾಡಬ್ಯಾಡ್ರಿ.

ಟ್ರ್ಯಾಕ್ಟರಿಗೂ ಇದೇ ವಿಚಾರ, ಸ್ವಲ್ಪ ಬೇರೆ ರೀತಿ. ಡಾಂಬರ್ ರಸ್ತೆಯಲ್ಲಿ ಟ್ರಾಲಿ ಜಗ್ಗುವಾಗ ಹವಾ ಹೆಚ್ಚು ಬೇಕು. ಎರಿ ಹೊಲದಾಗ ಉಳುವಾಗ ಕಮ್ಮಿ ಬೇಕು, ಇಲ್ಲವಾದರೆ ಗಾಲಿ ಜಾರಿ ಡಿಸೇಲ್ ಹಾಳು, ನೆಲವೂ ಗಟ್ಟಿ. ಎರಡೂ ಅಂಕಿ ಕೈಪಿಡಿಯಲ್ಲಿವೆ. ಬಾಂದಿನ ಮೇಲೆ ಮಾತಾಡುತ್ತ ಇಂಜಿನ್ ಚಾಲೂ ಬಿಟ್ಟರೆ ಗಂಟೆಗೆ ಒಂದು ಲೀಟರಿಗೂ ಹೆಚ್ಚು ಹೋಗುತ್ತದೆ ಎಂಬುದು ಪಿಸಿಆರ್‌ಎ ಲೆಕ್ಕ.

ಅಮಾಸಿ ದಿನ ನಾವು ಎತ್ತು ಹೂಡೋದಿಲ್ಲ. ಗಾಡಿ ತೊಳೆದು ಪೂಜೆ ಮಾಡಿ ನಿಂಬೆಹಣ್ಣು ಕಟ್ಟುವವರು ಬಹಳ. ಟೈರಿನಿಂದ ತಿಂಗಳಿಗೆ ಸುಮಾರು ಒಂದು ಪೌಂಡು ಹವಾ ತಾನಾಗಿಯೇ ಇಳಿಯುತ್ತದೆ. ಅದಕ್ಕೇ ಅದೇ ದಿನ ನಾಲ್ಕು ಟೈರು ಮತ್ತು ಸ್ಟೆಪ್ನಿಯ ಹವಾ ನೋಡುವ ರೂಢಿ ಇಟ್ಟುಕೊಳ್ಳಿ. ವರ್ಷಕ್ಕೆ 600 ಲೀಟರ್ ಸುಡುವವರಿಗೆ 100ಕ್ಕೆ 5 ಉಳಿದರೂ 30 ಲೀಟರ್ ಉಳಿಯಿತು. ಅಂದಿನ ದರದಿಂದ ಗುಣಿಸಿ ನೋಡ್ರಿ. ಮಳೆಯ ಹಂಗಿಲ್ಲದೆ ಕೈಗೆ ಬರುವ ರೊಕ್ಕ ನಮ್ಮ ಖುಷ್ಕಿ ಭೂಮಿಯವರಿಗೆ ಬೇರೆ ಎಲ್ಲದ?