ನಾಳೆಯ ಇಂಗಾಲದ ಅಂದಾಜು

ಒಂದು ದೇಶ ಉಗುಳುವ ಕಾರ್ಬನ್ ಡೈಆಕ್ಸೈಡನ್ನು ಯಾರೂ ಮೀಟರ್ ಹಿಡಿದು ಅಳೆಯುವುದಿಲ್ಲ. ಎಷ್ಟು ಇಂಧನ ಸುಟ್ಟೆವು ಎಂಬುದರ ಮೇಲೆ ಲೆಕ್ಕ ಹಾಕುತ್ತಾರೆ. ಕೊಡಗಿನ ರೊಬಸ್ಟಾ ತೋಟವನ್ನೇ ತೆಗೆದುಕೊಳ್ಳಿ. ಫೆಬ್ರವರಿ-ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟರೆ ಕೆರೆ ಬದಿಗೆ ಡೀಸೆಲ್ ಪಂಪ್ ತಂದಿಟ್ಟು ಸ್ಪ್ರಿಂಕ್ಲರ್ ಹಾಕಬೇಕು. ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಕಾರ್ಬನ್ ಡೈಆಕ್ಸೈಡ್. ಡೀಸೆಲ್‌ಗಿಂತ ಅನಿಲವೇ ಭಾರವಾಯಿತಲ್ಲ ಎಂದರೆ, ಉರಿಯುವಾಗ ಗಾಳಿಯ ಆಮ್ಲಜನಕವೂ ಸೇರಿಕೊಳ್ಳುತ್ತದೆ. ಅಡುಗೆಮನೆಯ 14.2 ಕೆ.ಜಿ. ಸಿಲಿಂಡರ್ ಮುಗಿಯುವಷ್ಟರಲ್ಲಿ 42 ಕೆ.ಜಿ.ಯಷ್ಟು ಹೊರಬಿದ್ದಿರುತ್ತದೆ. ಕಲ್ಲಿದ್ದಲು, ತೈಲ, ಅನಿಲ, ಸಿಮೆಂಟ್ ಎಲ್ಲ ಕೂಡಿದರೆ ದೇಶದ ವರ್ಷದ ಅಂಕಿ. ರೈಲೂ ಇಲ್ಲದ ಕೊಡಗಿನ ಪಾಲು ಅದರಲ್ಲಿ ಚಿಟಿಕೆಯಷ್ಟು. ತೋಟದ ನೆರಳು ಮರಗಳು ಹೀರಿಕೊಳ್ಳುವುದು ಬೇರೆಯೇ ಖಾತೆ.

ಇನ್ನು ಮುನ್ಸೂಚನೆ. ತೋಟದ ಮನೆಗಳಲ್ಲಿ ಇಂಚು-ಸೆಂಟ್‌ಗಳಲ್ಲಿ ಬರೆದಿಡುವ ಮಳೆ ಲೆಕ್ಕದಲ್ಲಿ ಅಂಕಿಗಳು ಒಂದು ಸರಾಸರಿಯ ಆಚೀಚೆ ಏರಿಳಿಯುತ್ತವೆ. ಇಂಗಾಲದ ಅಂಕಿ ಹಾಗಲ್ಲ, ಏರುತ್ತಲೇ ಹೋಗುತ್ತದೆ; ಅಲ್ಲಿ ಹಳೆಯ ಸರಾಸರಿ ಉಪಯೋಗಕ್ಕೆ ಬಾರದು. ಆದ್ದರಿಂದ ಅಂಕಿಯನ್ನು ಬಿಟ್ಟು, ವರ್ಷದಿಂದ ವರ್ಷಕ್ಕೆ ಆದ ವ್ಯತ್ಯಾಸವನ್ನು ಹಿಡಿಯುತ್ತಾರೆ. ಹಿಂದಿನ ವರ್ಷಗಳ ವ್ಯತ್ಯಾಸ ಎಷ್ಟಿತ್ತು, ಹಿಂದಿನ ಅಂದಾಜು ಎಷ್ಟು ತಪ್ಪಿತ್ತು, ಇವೆರಡರಿಂದ ಮುಂದಿನ ವ್ಯತ್ಯಾಸವನ್ನು ಊಹಿಸುವುದು ‘ಅರಿಮಾ’ ಮಾದರಿ. ಜಾರ್ಜ್ ಬಾಕ್ಸ್ ಮತ್ತು ಗ್ವಿಲಿಮ್ ಜೆಂಕಿನ್ಸ್ 1970ರ ತಮ್ಮ ಪುಸ್ತಕದಿಂದ ಇದನ್ನು ಬಳಕೆಗೆ ತಂದರು.

ಮಾದರಿಯನ್ನು ನಂಬುವ ಮುನ್ನ ಕೊನೆಯ ಕೆಲವು ವರ್ಷಗಳ ಅಂಕಿಯನ್ನು ಅದರಿಂದ ಮುಚ್ಚಿಟ್ಟು, ಊಹಿಸಲು ಬಿಟ್ಟು, ನಿಜದ ಜೊತೆ ತಾಳೆ ನೋಡಬೇಕು. ‘ಹೋದ ವರ್ಷದಷ್ಟೇ ಈ ವರ್ಷವೂ’ ಎಂಬ ಸೋಮಾರಿ ಊಹೆಯನ್ನೂ ಸೋಲಿಸಲಾರದ ಮಾದರಿ ಎಷ್ಟೇ ಜಾಣತನದ್ದಾದರೂ ಬೇಡ. ಭಾರತದ ಅಂಕಿ 2019ರಲ್ಲಿ ಸುಮಾರು 260 ಕೋಟಿ ಟನ್. 2020ರಲ್ಲಿ ಲಾಕ್‌ಡೌನ್‌ನಿಂದ ಇಳಿಯಿತು. 2023ರ ಹೊತ್ತಿಗೆ 300 ಕೋಟಿ ಮುಟ್ಟಿತು. ಆ ಇಳಿತವನ್ನು ಯಾವ ಮಾದರಿಯೂ ಹೇಳುವಂತಿರಲಿಲ್ಲ. ನನಗೆ ಅನುಮಾನ ಬರುವುದು, 2050ರವರೆಗೆ ಒಂದೇ ಗೆರೆ ಎಳೆದು ತಪ್ಪಿನ ಅಂತರ ತೋರಿಸದ ಗ್ರಾಫ್‌ಗಳ ಮೇಲೆ. ವರ್ಷಕ್ಕೊಂದರಂತೆ ಸಿಗುವ ಐವತ್ತು-ಅರವತ್ತು ಅಂಕಿಗಳಿಗೆ ಅಷ್ಟು ದೂರ ನೋಡುವ ಶಕ್ತಿ ಎಲ್ಲಿಂದ ಬರಬೇಕು?

ಜಪಾನಿನ ಯೊಯಿಚಿ ಕಾಯಾ ಅವರ ಸೂತ್ರ ಇನ್ನೊಂದು ದಾರಿ: ಜನಸಂಖ್ಯೆ, ತಲಾ ಆದಾಯ, ಆ ಆದಾಯಕ್ಕೆ ತಗಲುವ ಶಕ್ತಿ, ಆ ಶಕ್ತಿಯಲ್ಲಿನ ಇಂಗಾಲ, ಈ ನಾಲ್ಕರ ಗುಣಾಕಾರ. ತೋಟದ ಡೀಸೆಲ್ ಪಂಪ್‌ಗಳೆಲ್ಲ ಸೋಲಾರ್ ಆದರೆ ಏನಾದೀತು ಎಂದು ಕೇಳಲು ಇಲ್ಲಿ ಜಾಗವಿದೆ. ನಾಲ್ಕನೆಯ ಅಂಕಿ ತಗ್ಗಿಸಿ ನೋಡಿದರಾಯಿತು. ಭಾರತ 2030ಕ್ಕೆ ಕೊಟ್ಟ ಮಾತು ಕೊನೆಯ ಎರಡು ಅಂಕಿಗಳದ್ದೇ: ಜಿಡಿಪಿಯ ಪ್ರತಿ ರೂಪಾಯಿಗೆ ಹೊಮ್ಮುವ ಇಂಗಾಲ 2005ಕ್ಕಿಂತ ಶೇ. 45ರಷ್ಟು ಕಡಿಮೆ. ಆ ಹೊತ್ತಿಗೆ ಜಿಡಿಪಿ 2005ರ ಮೂರು ಪಟ್ಟಾದರೆ, ಮಾತು ಉಳಿಸಿಕೊಂಡೂ ಒಟ್ಟು ಅಂಕಿ 2005ರ ಸುಮಾರು 1.65 ಪಟ್ಟಿಗೆ ಹೋಗುತ್ತದೆ.