ಮನೆಯ ಮಾತಿಗೆ ತಕ್ಕ ಮೈಕು

ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಅಂದು ಅಪೂರ್ವವಾಗಿದ್ದ ಆ ಸಾಹಸವು ಇಂದು ಪಾಡ್‌ಕಾಸ್ಟ್ ಎಂಬ ಹೆಸರಿನಿಂದ ಸಾಧಾರಣ ಗೃಹಸ್ಥರಿಗೂ ಸುಲಭಸಾಧ್ಯವಾಗಿದೆ. ಮನೆಯ ಹಿರಿಯರ ಹಾಡು ಕಥೆಗಳನ್ನು ದೂರದ ಬಂಧುಗಳಿಗೂ ಕೇಳಿಸಬಹುದು. ಇದಕ್ಕೆ ಹೆಚ್ಚು ಬೆಲೆಯ ಮೈಕೇ ಬೇಕೆಂದು ಅನೇಕರು ಹಿಂಜರಿಯುವರು. ಅದು ಅನಾವಶ್ಯಕವೆಂಬುದು ನಮ್ಮ ಅಭಿಪ್ರಾಯವು.

ಮೈಕುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಕಂಡೆನ್ಸರ್ ಮೈಕು ಬಹು ಸೂಕ್ಷ್ಮವಾದುದು. ನಿಶ್ಶಬ್ದವಾದ ಕೋಣೆಯಲ್ಲಿ ಅದರ ಗುಣವೇ ಗುಣ. ಆದರೆ ಕುಕ್ಕರಿನ ಸಿಳ್ಳು, ಫ್ಯಾನಿನ ಮೊರೆತ, ಬರಿಗೋಡೆಯ ಮಾರ್ದನಿ, ಇವೆಲ್ಲವನ್ನೂ ಅದು ಮಾತಿನೊಡನೆ ಹಿಡಿದುಕೊಳ್ಳುವುದು. ಡೈನಾಮಿಕ್ ಮೈಕಾದರೋ ಅಷ್ಟು ಸೂಕ್ಷ್ಮವಲ್ಲ. ಬಾಯಿಗೆ ಸಮೀಪದಲ್ಲಿಟ್ಟರೆ ಮಾತನ್ನು ಸ್ಪಷ್ಟವಾಗಿ ಗ್ರಹಿಸಿ ದೂರದ ಗದ್ದಲವನ್ನು ಬಹುಮಟ್ಟಿಗೆ ಬಿಟ್ಟುಬಿಡುವುದು.

ಆದಕಾರಣ ಯುಎಸ್‌ಬಿ ತಂತಿಯಿಂದ ಕಂಪ್ಯೂಟರಿಗೆ ನೇರವಾಗಿ ಜೋಡಿಸಬಹುದಾದ ಡೈನಾಮಿಕ್ ಮೈಕನ್ನು ಕೊಳ್ಳುವುದು ಲೇಸು; ನಡುವೆ ಬೇರೊಂದು ಯಂತ್ರದ ವೆಚ್ಚವು ಉಳಿಯುವುದು. ಅದನ್ನು ಬಾಯಿಂದ ೪-೬ ಅಂಗುಲ ದೂರದಲ್ಲಿ, ಉಸಿರು ನೇರವಾಗಿ ತಾಗದಂತೆ ತುಸು ಓರೆಯಾಗಿ ಇರಿಸಬೇಕು. ಬರಿಗೋಡೆಗೆ ಒಂದು ದಪ್ಪ ಕಂಬಳಿಯನ್ನು ತೂಗುಬಿಟ್ಟರೆ ಮಾರ್ದನಿಯೂ ತಗ್ಗುವುದು.

ಒಳ್ಳೆಯ ಮೈಕು ಮುಂದೆಯೂ ದೊರೆತೀತು. ಅಜ್ಜಿಯ ಕಂಠವು ಮತ್ತೆ ದೊರೆಯದು. ವಾಚಕರು ತಡಮಾಡದಿರಲಿ.