‘ನಮ್ಮೂರಲ್ಲೇ ಕೊಳ್ಳೋಣ’ ಅಭಿಯಾನಕ್ಕೆ ಕಂಪನಿಗಳ ನೆರವು: ಕೇಳುವ ಮುನ್ನ ತಿಳಿದಿರಬೇಕಾದದ್ದು



ಊರಿನ ಕಿರಾಣಿ ಅಂಗಡಿ, ದರ್ಜಿ, ಕುಂಬಾರ, ಸ್ವಸಹಾಯ ಸಂಘದ ರೊಟ್ಟಿ-ಚಟ್ನಿಪುಡಿ ಘಟಕ ಇವೆಲ್ಲವುಗಳ ವ್ಯಾಪಾರ ಕುಗ್ಗುತ್ತಿದೆ, ಹಣವು ತಾಲ್ಲೂಕು ಕೇಂದ್ರದ ದೊಡ್ಡ ಮಳಿಗೆಗಳಿಗೂ ಮೊಬೈಲ್ ಆರ್ಡರುಗಳಿಗೂ ಹರಿದುಹೋಗುತ್ತಿದೆ ಎಂಬ ಮಾತು ಸಾಮಾನ್ಯ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಊರಿನ ಅಂಗಡಿಗಳಲ್ಲೇ ಕೊಳ್ಳುವಂತೆ ಜನರನ್ನು ಪ್ರೇರೇಪಿಸುವ ಅಭಿಯಾನ ಬೇಕೆಂದು ಯಾರಾದರೂ ಸೂಚಿಸುತ್ತಾರೆ. ಅದರ ಬೆನ್ನಲ್ಲೇ “ಯಾವುದಾದರೂ ಕಂಪನಿಯಿಂದ ಪ್ರಾಯೋಜಕತ್ವ ತರೋಣ” ಎಂಬ ಸಲಹೆಯೂ ಬರುತ್ತದೆ. ಸಲಹೆ ತಪ್ಪಲ್ಲ. ಆದರೆ ಕಂಪನಿಯ ಯಾವ ಹಣವನ್ನು, ಯಾವ ಷರತ್ತಿನ ಮೇಲೆ ಕೇಳುತ್ತಿದ್ದೇವೆ ಎಂಬ ಸ್ಪಷ್ಟತೆ ಇಲ್ಲದೆ ಹೊರಟರೆ ಆಗುವ ತೊಂದರೆಯನ್ನು ನಾನೇ ಒಮ್ಮೆ ಅನುಭವಿಸಿರುವುದರಿಂದ ಈ ಲೇಖನ.

ಮೊದಲಿಗೆ ಲೆಕ್ಕ. ಇಂಜಿನಿಯರಿಂಗ್ ಓದಿದವನಾದ್ದರಿಂದ ನನಗೆ ಇದು ನೀರು ಸರಬರಾಜು ಕೊಳವೆಯ ಸೋರಿಕೆಯಂತೆ ಕಾಣುತ್ತದೆ. ಟ್ಯಾಂಕಿಗೆ ಎಷ್ಟು ನೀರು ಏರಿಸಿದರೂ ದಾರಿಯಲ್ಲಿ ಸೋರಿದರೆ ನಲ್ಲಿಗೆ ಬರುವುದಿಲ್ಲ. ಕೂಲಿ, ಪಿಂಚಣಿ, ಹಾಲಿನ ಬಟವಾಡೆ, ಬೆಳೆ ಮಾರಾಟ ಹೀಗೆ ಊರಿಗೆ ಹಣ ಬರುತ್ತಲೇ ಇರುತ್ತದೆ. ಪ್ರಶ್ನೆ ಇರುವುದು ಅದು ಊರೊಳಗೆ ಎಷ್ಟು ಕೈ ಬದಲಾಗುತ್ತದೆ ಎಂಬುದರಲ್ಲಿ. 800 ಕುಟುಂಬಗಳಿರುವ ಪಂಚಾಯತಿಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳಿ. ಪ್ರತಿ ಕುಟುಂಬವೂ ಹೊರಗೆ ಮಾಡುತ್ತಿದ್ದ ಖರೀದಿಯಲ್ಲಿ ತಿಂಗಳಿಗೆ 500 ರೂಪಾಯಿಯಷ್ಟನ್ನು ಊರಲ್ಲೇ ಮಾಡಿದರೆ ತಿಂಗಳಿಗೆ 4 ಲಕ್ಷ, ವರ್ಷಕ್ಕೆ 48 ಲಕ್ಷ ರೂಪಾಯಿಗಳ ವಹಿವಾಟು ಊರಿನ ಅಂಗಡಿಗಳಿಗೆ ಸೇರುತ್ತದೆ. ಅಷ್ಟೂ ಲಾಭವಲ್ಲ, ಅಂಗಡಿಯವರು ಸರಕನ್ನು ಹೊರಗಿನಿಂದಲೇ ತರಬೇಕು. ಆದರೆ ರೊಟ್ಟಿ, ಸೊಪ್ಪು, ಮಡಕೆ, ಹೊಲಿಗೆಗಳ ವಿಷಯದಲ್ಲಿ ಬಹುಪಾಲು ಊರಲ್ಲೇ ಉಳಿಯುತ್ತದೆ. ಆದ್ದರಿಂದ ಅಭಿಯಾನದ ಒತ್ತು ಊರಲ್ಲಿ ತಯಾರಾಗುವ ವಸ್ತುಗಳ ಮೇಲಿರಲಿ ಎಂಬುದು ನನ್ನ ಅಭಿಪ್ರಾಯ.

ಇಂತಹ ಅಭಿಯಾನಕ್ಕೆ ದೊಡ್ಡ ಕಂಪನಿಯೊಂದು ಹಣ ಹೂಡಿದ ಪ್ರಸಿದ್ಧ ನಿದರ್ಶನ ಅಮೆರಿಕದ್ದು. ಆರ್ಥಿಕ ಹಿಂಜರಿತದಿಂದ ಸಣ್ಣ ಅಂಗಡಿಗಳು ತತ್ತರಿಸಿದ್ದ 2010ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಎಂಬ ಕಾರ್ಡ್ ಕಂಪನಿಯು ನವೆಂಬರ್ 27ರ ಶನಿವಾರವನ್ನು ‘ಸ್ಮಾಲ್ ಬಿಸಿನೆಸ್ ಸ್ಯಾಟರ್‌ಡೇ’ ಎಂದು ಆಚರಿಸಲು ಕರೆ ಕೊಟ್ಟಿತು. ತನ್ನ ಕಾರ್ಡಿನಿಂದ ಸಣ್ಣ ಅಂಗಡಿಯಲ್ಲಿ ಖರೀದಿಸಿದ ನೋಂದಾಯಿತ ಗ್ರಾಹಕರಿಗೆ 25 ಡಾಲರ್ ಹಿಂದಿರುಗಿಸಿತು. ಮರುವರ್ಷವೇ ಅಲ್ಲಿನ ಸೆನೆಟ್ ಬೆಂಬಲದ ನಿರ್ಣಯ ಅಂಗೀಕರಿಸಿತು. 2013ರಲ್ಲಿ ಬ್ರಿಟನ್ನಿಗೂ ಈ ಆಚರಣೆ ಹಬ್ಬಿತು.

ಇದರಲ್ಲಿ ಕಂಪನಿಯ ಹಿತವೇನು ಎಂಬುದನ್ನು ಗಮನಿಸಬೇಕು. ಶುಲ್ಕ ಹೆಚ್ಚೆಂಬ ಕಾರಣಕ್ಕೆ ಅನೇಕ ಸಣ್ಣ ವ್ಯಾಪಾರಿಗಳು ಆ ಕಾರ್ಡನ್ನು ಸ್ವೀಕರಿಸುತ್ತಿರಲಿಲ್ಲ. ರಿಯಾಯಿತಿ ಬೇಕೆಂದರೆ ಅಂಗಡಿಯಲ್ಲಿ ಆ ಕಾರ್ಡ್ ನಡೆಯಬೇಕು. ಹೀಗೆ ಅಂಗಡಿಗಳಿಗೂ ಗಿರಾಕಿ ಬಂದರು, ಕಂಪನಿಗೂ ಅಂಗಡಿಗಳು ದೊರೆತವು. ಇದನ್ನು ಮೋಸವೆನ್ನಲು ಬರುವುದಿಲ್ಲ; ಎರಡೂ ಕಡೆ ಪ್ರಯೋಜನವಾದ ವ್ಯವಹಾರ. ಆದರೆ ಆ ದಿನದ ಹೆಸರು ಇಂದಿಗೂ ಆ ಕಂಪನಿಯ ನೋಂದಾಯಿತ ವ್ಯಾಪಾರ ಚಿಹ್ನೆ. ನಮ್ಮ ಅಭಿಯಾನದ ಹೆಸರು ಯಾರ ಸ್ವತ್ತಾಗಿರಬೇಕು ಎಂಬುದನ್ನು ಹಣ ಬರುವ ಮೊದಲೇ ತೀರ್ಮಾನಿಸಿಕೊಳ್ಳಬೇಕು.

ನಮ್ಮ ದೇಶದಲ್ಲಿ ಕಂಪನಿಗೆ ಎರಡು ಜೇಬುಗಳಿವೆ ಎಂದು ತಿಳಿಯಿರಿ. ಒಂದು ಪ್ರಚಾರದ ಜೇಬು, ಇನ್ನೊಂದು ಸಾಮಾಜಿಕ ಹೊಣೆಗಾರಿಕೆಯ, ಅಂದರೆ ಸಿ.ಎಸ್.ಆರ್. ಜೇಬು. ಕಂಪನಿಗಳ ಕಾಯ್ದೆ 2013ರ 135ನೇ ಪ್ರಕರಣದ ಪ್ರಕಾರ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, ಅಥವಾ 1000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಯಾವುದೊಂದನ್ನು ಮುಟ್ಟಿದ ಕಂಪನಿಯೂ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಕನಿಷ್ಠ ಶೇಕಡಾ 2ರಷ್ಟನ್ನು ಕಾಯ್ದೆಯ ಏಳನೇ ಅನುಸೂಚಿಯ ಕಾರ್ಯಗಳಿಗೆ ವೆಚ್ಚ ಮಾಡಬೇಕು. ಜೀವನೋಪಾಯ ವೃದ್ಧಿ, ಸಾಂಪ್ರದಾಯಿಕ ಕಲೆ ಮತ್ತು ಕರಕುಶಲ, ಗ್ರಾಮೀಣಾಭಿವೃದ್ಧಿ ಯೋಜನೆಗಳು ಈ ಅನುಸೂಚಿಯಲ್ಲಿವೆ. ತಾನು ಕಾರ್ಯನಿರ್ವಹಿಸುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ನೀಡಬೇಕೆಂದೂ ಅದೇ ಪ್ರಕರಣ ಹೇಳುತ್ತದೆ.

ಬಹಳಷ್ಟು ಮನವಿಗಳು ಎಡವುವುದು ಇಲ್ಲಿಯೇ. ತನ್ನ ಸರಕು ಅಥವಾ ಸೇವೆಗೆ ಮಾರುಕಟ್ಟೆ ಲಾಭ ಪಡೆಯುವ ಸಲುವಾಗಿ ಪ್ರಾಯೋಜಕತ್ವದ ರೂಪದಲ್ಲಿ ನೀಡುವ ನೆರವು ಸಿ.ಎಸ್.ಆರ್. ವೆಚ್ಚವೆನಿಸುವುದಿಲ್ಲ ಎಂದು ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. “ತಮ್ಮ ಕಂಪನಿಯ ಹೆಸರನ್ನು ಎಲ್ಲ ಅಂಗಡಿಗಳ ಮೇಲೆ ಪ್ರದರ್ಶಿಸಲಾಗುವುದು, ದಯವಿಟ್ಟು ಸಿ.ಎಸ್.ಆರ್. ನಿಧಿಯಿಂದ ಪ್ರಾಯೋಜಿಸಿ” ಎಂಬ ಪತ್ರವು ಒಂದೇ ವಾಕ್ಯದಲ್ಲಿ ತನ್ನನ್ನು ತಾನೇ ತಿರಸ್ಕರಿಸಿಕೊಳ್ಳುತ್ತದೆ. ನನ್ನ ಮೊದಲ ಪತ್ರ ಇಂಥದ್ದೇ ಆಗಿತ್ತು. ಉತ್ತರ ಬರಲಿಲ್ಲ, ಏಕೆ ಬರಲಿಲ್ಲವೆಂಬುದು ನಿಯಮ ಓದಿದ ಮೇಲೆ ತಿಳಿಯಿತು.

ಎರಡನೆಯ ಪ್ರಯತ್ನದಲ್ಲಿ ಪಾನೀಯ ಮಾರುವ ಒಬ್ಬ ವಿತರಕರು ಪ್ರಚಾರದ ಜೇಬಿನಿಂದ ಕೊಡಲು ಸಂತೋಷದಿಂದ ಒಪ್ಪಿದರು. ಹದಿನಾಲ್ಕು ಅಂಗಡಿಗಳಿಗೆ ಹೊಸ ನಾಮಫಲಕ ಬಂದವು. ಫಲಕದ ಮುಕ್ಕಾಲು ಭಾಗ ಪಾನೀಯದ ಚಿತ್ರ, ಮೂಲೆಯಲ್ಲಿ ಅಂಗಡಿಯ ಹೆಸರು. ನಮ್ಮ ಸ್ವಸಹಾಯ ಸಂಘದವರು ಬೇಸಿಗೆಯಲ್ಲಿ ಮಾರುತ್ತಿದ್ದ ರಾಗಿ ಅಂಬಲಿ ಮತ್ತು ಮಜ್ಜಿಗೆಯನ್ನು ಆ ಅಂಗಡಿಗಳಲ್ಲಿ ಇಡುವಂತಿಲ್ಲವೆಂದು ಬಾಯಿಮಾತಿನ ಷರತ್ತೂ ಜೊತೆಗೆ ಬಂದಿತ್ತು. ಅದು ನನಗೆ ತಿಳಿದದ್ದು ಸಂಘದ ಕಾರ್ಯದರ್ಶಿ ಬಂದು ಕೇಳಿದಾಗ. ಊರಿನ ವಸ್ತುಗಳಿಗಾಗಿ ಆರಂಭಿಸಿದ ಕೆಲಸ ಊರಿನ ವಸ್ತುವನ್ನೇ ಹೊರದಬ್ಬಿತ್ತು. ಲಿಖಿತ ಒಪ್ಪಂದ ಮಾಡಿಕೊಳ್ಳದಿದ್ದದ್ದು ನನ್ನ ತಪ್ಪು.

ಹಾಗಾದರೆ ಯಾರನ್ನು ಕೇಳಬೇಕು? ಬೆಂಗಳೂರಿನ ದೊಡ್ಡ ಕಚೇರಿಗಳಿಗಿಂತ ಮೊದಲು ಹತ್ತು ಹದಿನೈದು ಕಿಲೋಮೀಟರ್ ಸುತ್ತಳತೆಯಲ್ಲಿರುವವರನ್ನು ನೋಡಿ: ಸಕ್ಕರೆ ಕಾರ್ಖಾನೆ, ಸಿದ್ಧ ಉಡುಪು ಘಟಕ, ಪವನ ಅಥವಾ ಸೌರ ವಿದ್ಯುತ್ ಸ್ಥಾವರ, ನಿಮ್ಮ ಊರಲ್ಲಿ ಶಾಖೆಯಿರುವ ಬ್ಯಾಂಕು. ಅವರ ನೌಕರರು ನಿಮ್ಮ ಸಂತೆಯಲ್ಲೇ ತರಕಾರಿ ಕೊಳ್ಳುತ್ತಾರೆ. ಊರಿನ ಸದ್ಭಾವನೆ ಅವರಿಗೂ ಬೇಕು. ನಿಮ್ಮ ಅಂಗಡಿಗಳಿಗೆ ನೇರ ಪೈಪೋಟಿ ನೀಡುವವರನ್ನು ಬಿಟ್ಟುಬಿಡಿ. ತಂಬಾಕು ಕಂಪನಿಗಳ ಪ್ರಾಯೋಜಕತ್ವವನ್ನು 2003ರ ತಂಬಾಕು ನಿಯಂತ್ರಣ ಕಾಯ್ದೆಯೇ ನಿಷೇಧಿಸಿದೆ. ಅದೇ ಬ್ರ್ಯಾಂಡ್ ಹೆಸರನ್ನು ಬೇರೆ ವಸ್ತುವಿಗೆ ಅಂಟಿಸಿಕೊಂಡು ಬರುವವರ ಬಗ್ಗೆಯೂ ಎಚ್ಚರವಿರಲಿ. ಫ್ಲೆಕ್ಸ್ ಮಾಡಿಸಿಕೊಡುತ್ತೇವೆ ಎನ್ನುವವರಿಗೆ ರಾಜ್ಯದಲ್ಲಿ 2016ರಿಂದ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧವಿರುವುದನ್ನು ನೆನಪಿಸಿ, ಗೋಡೆ ಬರಹ ಕೇಳಿ. ಊರಿನ ಚಿತ್ರ ಬರೆಯುವವನಿಗೂ ನಾಲ್ಕು ದಿನದ ಕೆಲಸವಾಗುತ್ತದೆ.

ಕೇಳುವಾಗ ಮೊತ್ತ ಹೇಳಿ ಕೇಳಬೇಕು. “ಕೈಲಾದ ಸಹಾಯ ಮಾಡಿ” ಎಂಬುದಕ್ಕೆ ಕಚೇರಿಗಳಲ್ಲಿ ಕಡತ ತೆರೆಯುವುದಿಲ್ಲ. ನಮ್ಮ ಅಂದಾಜು ಹೀಗಿತ್ತು: ಮನೆಗೊಂದರಂತೆ 800 ಬಟ್ಟೆ ಚೀಲ, ತಲಾ 60 ರೂಪಾಯಿಯಂತೆ 48,000, ಸಂತೆ ಕಟ್ಟೆಗೆ ನೆರಳು ಮತ್ತು ದೀಪ 35,000, ಮನೆಗೊಂದು 50 ರೂಪಾಯಿ ಕೂಪನ್, ಒಟ್ಟು 40,000, ಗೋಡೆ ಬರಹ 12,000. ಎಲ್ಲ ಸೇರಿ 1,35,000 ರೂಪಾಯಿ. ಚೀಲಗಳನ್ನು ಹೊಲಿಯುವವರು ಊರಿನ ದರ್ಜಿಗಳೇ ಆದ್ದರಿಂದ ಮೊದಲ ಖರೀದಿ ಊರಲ್ಲೇ ಆಗುತ್ತದೆ. ಕಂಪನಿಗೆ ಬೇಕಾದ್ದು ಫಲಿತಾಂಶದ ದಾಖಲೆ. ಹತ್ತು ಅಂಗಡಿಗಳು ಅಭಿಯಾನದ ಮೊದಲ ತಿಂಗಳು ಮತ್ತು ನಂತರದ ಎರಡು ತಿಂಗಳು ದಿನದ ವಹಿವಾಟನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ಈ ಪುಸ್ತಕ ಬರೆಸುವುದೇ ಇಡೀ ಕೆಲಸದಲ್ಲಿ ಅತ್ಯಂತ ಕಷ್ಟದ ಭಾಗ. ತೆರಿಗೆಯವರಿಗೆ ಸಿಗುತ್ತದೆಂಬ ಭಯ ಅಂಗಡಿಯವರಿಗೆ. ಮೊತ್ತದ ಬದಲು ಬಂದ ಗಿರಾಕಿಗಳ ಸಂಖ್ಯೆಯನ್ನಷ್ಟೇ ಬರೆಯಿರಿ ಎಂದ ಮೇಲೆ ಒಪ್ಪಿದರು.

ಹಣ ಯಾರ ಕೈಗೆ ಎಂಬುದು ಮುಂದಿನ ಪ್ರಶ್ನೆ. ಸಿ.ಎಸ್.ಆರ್. ಕಾರ್ಯವನ್ನು ಕಂಪನಿ ತಾನೇ ಮಾಡಬಹುದು, ಇಲ್ಲವೇ ಅರ್ಹ ಸಂಸ್ಥೆಯ ಮೂಲಕ ಮಾಡಿಸಬಹುದು. ನೋಂದಾಯಿತ ಸಂಘ ಅಥವಾ ಟ್ರಸ್ಟ್ ಆದರೆ ಅದಕ್ಕೆ ಆದಾಯ ತೆರಿಗೆ ಕಾಯ್ದೆಯಡಿ ಅಗತ್ಯ ನೋಂದಣಿಗಳಿರಬೇಕು, 2021ರ ಏಪ್ರಿಲ್‌ನಿಂದ ಸಿ.ಎಸ್.ಆರ್.-1 ನಮೂನೆಯ ಸಂಖ್ಯೆಯೂ ಬೇಕು. ಸಂಜೀವಿನಿ ಒಕ್ಕೂಟದ ಹೆಸರಿನಲ್ಲಿ ಕೇಳುವ ಮುನ್ನ ಈ ಕಾಗದಗಳನ್ನು ಪರಿಶೀಲಿಸಿ. ಇಲ್ಲದಿದ್ದರೆ ನಗದು ಕೇಳದೆ ವಸ್ತುರೂಪದಲ್ಲಿ ಕೇಳುವುದು ಸುಲಭ. ಚೀಲದ ಬಟ್ಟೆಯನ್ನೋ ದೀಪವನ್ನೋ ಕಂಪನಿಯೇ ಖರೀದಿಸಿ ಕೊಡಲಿ. ಪಂಚಾಯತಿಗೆ ನೇರವಾಗಿ ಹಣ ಬಂದರೆ ಅದು ಗ್ರಾಮ ಪಂಚಾಯತಿ ನಿಧಿಗೇ ಜಮೆಯಾಗಬೇಕು, ಸಾಮಾನ್ಯ ಸಭೆಯ ನಿರ್ಣಯವಿಲ್ಲದೆ ಒಂದು ರೂಪಾಯಿಯೂ ವೆಚ್ಚವಾಗಬಾರದು. ಅಧ್ಯಕ್ಷರ ಅಥವಾ ನನ್ನಂತಹ ಅಧಿಕಾರಿಯ ವೈಯಕ್ತಿಕ ಖಾತೆಯ ಮಾತೇ ಬರಬಾರದು.

ಸ್ವಂತ ಅಂಗಡಿಯಿರುವ ಸದಸ್ಯರು ನಮ್ಮಲ್ಲಿ ಅನೇಕರಿದ್ದಾರೆ. ಅವರು ಅಭಿಯಾನದಲ್ಲಿ ಉಳಿದವರಂತೆ ಪಾಲ್ಗೊಳ್ಳಲು ಅಡ್ಡಿಯಿಲ್ಲ. ಆದರೆ ಪಂಚಾಯತಿಯು ಮಾಡಿಸುವ ಖರೀದಿ ಅಥವಾ ಗುತ್ತಿಗೆಯಲ್ಲಿ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಪಾಲು ಹೊಂದುವುದು ಪಂಚಾಯತ್ ರಾಜ್ ಅಧಿನಿಯಮದಡಿ ಸದಸ್ಯತ್ವದ ಅನರ್ಹತೆಗೆ ಕಾರಣವಾಗಬಲ್ಲದು. ಕೂಪನ್ ಪಡೆಯುವ ಅಂಗಡಿಗಳ ಪಟ್ಟಿಯನ್ನು ಗ್ರಾಮ ಸಭೆಯಲ್ಲಿ ಓದಿ ಹೇಳಿದರೆ ಮುಂದಿನ ಅನುಮಾನಗಳು ಬಹುಮಟ್ಟಿಗೆ ನಿಲ್ಲುತ್ತವೆ.

ಒಪ್ಪಂದ ಎರಡು ಪುಟ ಮೀರಬೇಕಿಲ್ಲ. ಅಭಿಯಾನದ ಹೆಸರು ಮತ್ತು ಚಿಹ್ನೆ ಪಂಚಾಯತಿಯದು. ಯಾವ ಅಂಗಡಿಯ ಮೇಲೂ ಏಕಸ್ವಾಮ್ಯದ ಷರತ್ತಿಲ್ಲ. ದಾನಿಯ ಹೆಸರು ಕೃತಜ್ಞತಾ ಫಲಕದಲ್ಲಿ, ನಿಗದಿತ ಅಳತೆಯಲ್ಲಿ ಮಾತ್ರ. ಗ್ರಾಹಕರ ಮೊಬೈಲ್ ಸಂಖ್ಯೆಗಳನ್ನು ಕಂಪನಿಗೆ ಕೊಡುವುದಿಲ್ಲ. ಕೊನೆಯದನ್ನು ಮರೆಯಬೇಡಿ, ಕೂಪನ್ ಹೆಸರಿನಲ್ಲಿ ಅವರು ಮೊದಲು ಕೇಳುವುದು ಅದನ್ನೇ.

ಸಿ.ಎಸ್.ಆರ್. ವಾರ್ಷಿಕ ಕ್ರಿಯಾ ಯೋಜನೆಗೆ ಕಂಪನಿಯ ಮಂಡಳಿ ಒಪ್ಪಿಗೆ ನೀಡಬೇಕಾದ್ದರಿಂದ ಮುಂದಿನ ಆರ್ಥಿಕ ವರ್ಷದ ಮನವಿ ಡಿಸೆಂಬರ್ ಅಥವಾ ಜನವರಿಯಲ್ಲೇ ತಲುಪಿರಬೇಕು. ಸಾಮಾನ್ಯ ಸಭೆಯ ನಿರ್ಣಯದ ಪ್ರತಿ, ಅಂದಾಜು ಪಟ್ಟಿ, ಅಂಗಡಿ ಹಾಗೂ ಸಂಘಗಳ ಪಟ್ಟಿ, ಸಂತೆ ಕಟ್ಟೆಯ ಎರಡು ಛಾಯಾಚಿತ್ರ ಲಗತ್ತಿಸಿದರೆ ಸಾಕು. ನಮ್ಮ ಮೂರನೆಯ ಪತ್ರ ಹೀಗೆ ಹೋದದ್ದು ಹನ್ನೊಂದು ಕಿಲೋಮೀಟರ್ ದೂರದ ಉಡುಪು ಘಟಕಕ್ಕೆ. ಅವರು ನಗದು ಕೊಡಲಿಲ್ಲ. ಕತ್ತರಿಸಿ ಉಳಿದ ಬಟ್ಟೆಯನ್ನು ಎರಡು ಗಾಡಿ ತುಂಬ ಕಳುಹಿಸಿದರು. ಚೀಲಗಳು ಬಣ್ಣಬಣ್ಣದ ತೇಪೆಯವಾದವು; ಮಜ್ಜಿಗೆ ಮತ್ತು ಅಂಬಲಿ ಈಗ ಒಂಬತ್ತು ಅಂಗಡಿಗಳಲ್ಲಿ ಮತ್ತೆ ಸಿಗುತ್ತಿವೆ.